ಸಹನಾಳ ಒಪ್ಪತ್ತು

ಗುಡ್ಡದ ಮೇಲಿನ ಗಾಳಿ ಫ್ಯಾನಿನ ಒಂದು ರೆಕ್ಕೆ ಮೇಲಕ್ಕೆ ಬಂತು, ತುದಿಯಲ್ಲಿ ನಿಂತ ಹಾಗೆ ಕಂಡಿತು, ನಿಂತೇಬಿಟ್ಟಿತೇನೋ — ಇಲ್ಲ, ಇಳಿಯಿತು, ಇನ್ನೊಂದು ಬಂತು, ಅಷ್ಟರಲ್ಲಿ ಯಶೋಧಾಳ ಎರಡು ಬೆರಳುಗಳ ಕೆಳಗೆ ಮಗಳ ನಾಡಿ ಒಮ್ಮೆ ಮಿಡಿಯಿತು, ಇನ್ನೊಮ್ಮೆ ಮಿಡಿಯಬೇಕಲ್ಲ, ಎಲ್ಲಿ ಹೋಯಿತು, ಮಿಡಿ ತಾಯಿ, ಮಿಡಿ — ಹಾಂ, ಬಂತು. ಹತ್ತೊಂಬತ್ತು ವರ್ಷದ ಹುಡುಗಿಯ ಎದೆ ಇಷ್ಟು ನಿಧಾನವಾಗಿ ಹೊಡೆದುಕೊಳ್ಳುತ್ತದೆಯೇ, ತನ್ನದೋ ಪಕ್ಕೆಲುಬು ಕಿತ್ತುಕೊಂಡು ಹೊರಗೆ ಬರುವ ಹಾಗೆ ಬಡಿಯುತ್ತಿದೆ, ಇದರಲ್ಲಿ ಒಂದಿಷ್ಟು ತೆಗೆದು ಅದರೊಳಗೆ ಹಾಕುವ ಹಾಗಿದ್ದಿದ್ದರೆ. ಕಾರಿನ ಹಿಂದಿನ ಸೀಟಿನಲ್ಲಿ ಸಹನಾಳ ತಲೆ ಅವಳ ತೊಡೆಯ ಮೇಲಿದೆ, ತಲೆಗೆ ಭಾರವೇ ಇಲ್ಲ, ಹೊರಗೆ ಏಪ್ರಿಲ್ ಬಿಸಿಲಿಗೆ ಡಾಂಬರು ಮಿರಮಿರ ಅನ್ನುತ್ತಿದೆ, ಹುಡುಗಿಯ ಮೈಮೇಲೆ ಸ್ವೆಟರು, ಸ್ವೆಟರಿನ ಮೇಲೆ ಶಾಲು, ಆದರೂ ಕೈ ಗಡಿಗೆಯ ನೀರಿನಷ್ಟು ತಣ್ಣಗೆ. ಅಕ್ಕಾ, ಏಸಿ ಹಾಕ್ಲಾ, ಮೈ ಬೇಯ್ತಾ ಐತೆ, ಅಂದ ಮುಂದೆ ಸ್ಟೇರಿಂಗ್ ಹಿಡಿದಿದ್ದ ಜಯಕುಮಾರ್, ಎದುರು ಮನೆಯವನು, ಹೊಸದುರ್ಗದಲ್ಲಿ ಬಾಡಿಗೆ ಕಾರು ಓಡಿಸುವವನು. ಬ್ಯಾಡಪ್ಪ, ಬ್ಯಾಡ, ಅವಳಿಗೆ ಚಳಿ. ಚಳಿನಾ, ಈ ಬಿಸ್ಲಾಗಾ, ಅಂತ ಕನ್ನಡಿಯಲ್ಲಿ ನೋಡಿ ನಕ್ಕ, ನಗಲಿ ಬಿಡು, ಅವನಿಗೇನು ಗೊತ್ತು, ಬೆಳಿಗ್ಗೆ ಎಂಟರವರೆಗೆ ತನಗೇ ಗೊತ್ತಿರಲಿಲ್ಲ. ಸಹನಾ ಬಾಳ ಸಣ್ಣಗಾಗ್ಯಾಳೆ ಅಲ್ಲೇನಕ್ಕಾ, ಡಯೆಟ್ಟಾ, ನಮ್ಮನೇಲೂ ಹೇಳ್ತಿರ್ತೀನಿ, ಆ ಹುಡುಗೀನ ನೋಡಿ ಕಲಿ ಅಂತ. ನೋಡಿ ಕಲಿಯಬೇಕಂತೆ. ಅವನ ಬಾಯಿ ಮುಚ್ಚಿಸಬೇಕು ಅನ್ನಿಸಿತು, ಆದರೆ ಬಾಯಿ ಮುಚ್ಚಿಸಿದರೆ ಗಾಡಿ ನಿಧಾನ ಮಾಡಿಯಾನು, ಬೇಗ ಓಡಿಸಪ್ಪ ಜಯಣ್ಣ, ಅಷ್ಟೇ ಅಂದಳು. ನಾಡಿ ಸರಿಯಾಗಿ ಸಿಗಲೆಂದು ಮಗಳ ಕೈ ಸ್ವಲ್ಪ ಎತ್ತಿದಳು, ಮಣಿಕಟ್ಟಿನಲ್ಲಿದ್ದ ಒಂಟಿ ಕೆಂಪು ಗಾಜಿನ ಬಳೆ ಸರಕ್ಕನೆ ಜಾರಿ ಸ್ವೆಟರಿನ ತೋಳಿನೊಳಗೆ ಹೊಕ್ಕಿತು. ಎಲ್ಲಿಗೆ ಹೋಗಿ ನಿಂತಿತೋ ಕಾಣಲಿಲ್ಲ, ನೋಡುವ ಧೈರ್ಯವೂ ಆಗಲಿಲ್ಲ.

ಬೆಳಿಗ್ಗೆ ಬಚ್ಚಲಿನಲ್ಲಿ ಧಡಾರ್ ಅಂತ ಶಬ್ದವಾದಾಗ ಹಂಡೆ ಮುಚ್ಚಳ ಬಿತ್ತೇನೋ ಅಂದುಕೊಂಡಿದ್ದಳು, ಒಲೆ ಮುಂದಿನಿಂದ ಎದ್ದೂ ಇರಲಿಲ್ಲ, ಸೋಮವಾರ ಅಲ್ಲವೇ, ತಲೆಗೆ ಎರೆದುಕೊಳ್ಳುತ್ತಿದ್ದಾಳೆ, ಎರೆದುಕೊಂಡು ದೇವರ ಮನೆಗೆ ಹೋಗುತ್ತಾಳೆ, ಅಂತ ರಾಗಿ ಹಿಟ್ಟಿಗೆ ನೀರು ಹಾಕುತ್ತಿದ್ದಳು, ಆಮೇಲೆ ನೀರು ಬೀಳುವ ಸದ್ದು ಮಾತ್ರ, ಮಗ್ಗಿನ ಸದ್ದಿಲ್ಲ, ಸಹನಾ, ಲೇ ಸಹನಾ, ಬಾಗಿಲಿನ ಚಿಲಕ ಒಂದೇ ಏಟಿಗೆ ಕಿತ್ತು ಬಂತು. ದೇವರೇ, ಆ ಬೆನ್ನು. ಮಗಳ ಬೆನ್ನನ್ನು ನೋಡಿ ಎಷ್ಟು ಕಾಲವಾಗಿತ್ತು, ಮಗು ದೊಡ್ಡದಾದ ಮೇಲೆ ಯಾವ ತಾಯಿ ಬೆನ್ನು ನೋಡುತ್ತಾಳೆ, ಬೆನ್ನುಮೂಳೆಯ ಗಂಟು ಗಂಟೂ ಎದ್ದು ನಿಂತಿತ್ತು, ಮೇಲೆ ಬೂದುಬಣ್ಣದ ನವಿರು ರೋಮ, ಆಗ ಹುಟ್ಟಿದ ಕೂಸಿನ ಮೈಮೇಲೆ ಇರುತ್ತದಲ್ಲ, ಹಾಗೆ, ದೊಡ್ಡ ಹುಡುಗಿಯ ಬೆನ್ನ ತುಂಬ. ಎತ್ತಿದಳು. ಎತ್ತಲಾಗುವುದಿಲ್ಲ, ಅತ್ತೆಯನ್ನು ಕೂಗಬೇಕು ಅಂದುಕೊಂಡೇ ಸೊಂಟ ಬಗ್ಗಿಸಿದ್ದು, ಆದರೆ ಎತ್ತಿದ ರಭಸಕ್ಕೆ ತಾನೇ ಹಿಂದಕ್ಕೆ ವಾಲಿದಳು, ಅಷ್ಟು ಹಗುರ, ಅಂಗನವಾಡಿಯಲ್ಲಿ ಹಟ ಮಾಡುವ ದೊಡ್ಡ ಮಗುವನ್ನು ಎತ್ತಿಕೊಂಡಂತೆ ಮಗಳನ್ನು ಎತ್ತಿಕೊಂಡು ನಡುಮನೆಗೆ ಬಂದಿದ್ದಳು, ಆ ಹಗುರ ಈಗಲೂ ಎರಡು ತೋಳಿನಲ್ಲಿ ಕೂತಿದೆ, ಇಳಿಯುತ್ತಿಲ್ಲ. ಹೊಸದುರ್ಗದ ಆಸ್ಪತ್ರೆಯಲ್ಲಿ ಡಾಕ್ಟರ್ ಹೇಮಾವತಿ ಎದೆಗೆ ವೈರು ಹಚ್ಚಿ ಕಾಗದ ಎಳೆದರು, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡೆರಡು ಸಲ ನೋಡಿದರು. ಇದು ಸುಸ್ತಲ್ಲ ಯಶೋಧಾ ಅವರೇ, ಮೈಯಲ್ಲಿ ಕೊಬ್ಬು ಅನ್ನೋದೇ ಉಳಿದಿಲ್ಲ, ಸೌದೆ ಮುಗಿದ ಮೇಲೆ ಮನೆ ಬಾಗಿಲು ಕಿತ್ತು ಒಲೆಗೆ ಹಾಕ್ತಾರಲ್ಲ, ಹಾಗೆ ಮೈ ತನ್ನನ್ನೇ ಉರಿಸ್ಕೊಳ್ತಾ ಇದೆ, ತೊಡೆ ಮಾಂಸ ಆಯ್ತು, ತೋಳಿಂದು ಆಯ್ತು, ಹೃದಯ ಕೂಡ ಮಾಂಸಾನೇ ಅಲ್ವಾ. ಹೃದಯ ಕೂಡ ಮಾಂಸಾನೇ ಅಲ್ವಾ. ಆ ಮಾತು ಹೊಸದುರ್ಗ ಬಿಟ್ಟಾಗಿನಿಂದ ಕಾರಿನ ಚಕ್ರದ ಜೊತೆಗೇ ಉರುಳುತ್ತಿದೆ. ಈಗಲೇ ದುರ್ಗದ ಜಿಲ್ಲಾ ಆಸ್ಪತ್ರೆಗೆ ಹೊರಡಿ, ನಾನು ಅಲ್ಲಿಗೆ ಫೋನ್ ಮಾಡಿರ್ತೀನಿ, ದಾರೀಲಿ ಈ ಬಾಟಲಿ ನೀರು ಮಾತ್ರ ಗುಟುಕು ಗುಟುಕಾಗಿ ಕೊಡಿ, ಹೆದರಿಕೆಗೆ ಅನ್ನ ತುಪ್ಪ ಹಾಲು ಅಂತ ಏನೂ ತುರುಕ್ಬೇಡಿ, ಇಷ್ಟು ದಿನ ಹಸಿದ ಮೈಗೆ ಒಮ್ಮೆಲೇ ಹಾಕಿದ್ರೆ ರಕ್ತದಲ್ಲಿ ಉಪ್ಪು ಏರುಪೇರಾಗಿ ಎದೆ ನಿಂತುಹೋಗಬಹುದು, ಅಲ್ಲಿ ಅಳೆದು ಕೊಡ್ತಾರೆ. ಉಣ್ಣದಿದ್ದರೂ ಸಾವು, ಉಣಿಸಿದರೂ ಸಾವು, ಇದು ಯಾವ ನ್ಯಾಯ, ತಾಯಿಯಾದವಳು ಇನ್ನೇನು ಮಾಡಬೇಕು ಹಾಗಾದರೆ. ಮೂಳೇನೂ ಟೊಳ್ಳಾಗಿರುತ್ತೆ, ಎಲ್ಲಾದರೂ ಮುರ್ಕೊಂಡಿದ್ಳಾ, ಅಂತ ಕೇಳಿದರು. ಹೌದಲ್ಲ, ಶಿವರಾತ್ರಿಗೆ ಮುಂಚೆ ಜಗಲಿ ಇಳಿಯುವಾಗ ಪಾದದ ಮೂಳೆ ಬಿರುಕು ಬಿಟ್ಟಿತ್ತು, ಒಂದೇ ಮೆಟ್ಟಿಲು, ಯಾರದೋ ದೃಷ್ಟಿ ತಾಗಿದೆ ಅಂತ ಅತ್ತೆ ಮೆಣಸಿನಕಾಯಿ ನಿವಾಳಿಸಿದ್ದರು, ತಾನು ಕೆಂಡ ತಂದುಕೊಟ್ಟಿದ್ದಳು.

ಬಾಟಲಿಯ ಮುಚ್ಚಳ ತೆಗೆದು ತುಟಿಗೆ ಹಿಡಿದಳು, ಒಂದು ಗುಟುಕು ಅವ್ವ, ಒಂದೇ ಒಂದು. ಸಹನಾ ಕಣ್ಣು ಬಿಡಲಿಲ್ಲ, ತುಟಿ ಮಾತ್ರ ಬಿಗಿ ಹಿಡಿದಳು, ಅಮ್ಮ, ಇವತ್ತು ಒಪ್ಪತ್ತು. ಒಪ್ಪತ್ತು! ಅದೇ ಮಾತು, ಅದೇ ಬೀಗ. ಡಿಗ್ರಿ ಸೇರಿದ ವರ್ಷ ಶ್ರಾವಣದ ಮೊದಲ ಸೋಮವಾರ ಅಜ್ಜಿಯ ಜೊತೆ ತಾನೂ ಒಪ್ಪತ್ತು ಇರುತ್ತೇನೆ ಅಂದಾಗ ಮನೆಯಲ್ಲಿ ಎಷ್ಟು ಸಂಭ್ರಮ, ಅತ್ತೆ ಏಕಾಂತಮ್ಮನಿಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ, ಈಗಿನ್ ಕಾಲ್ದಾಗೆ ಯಾವ್ ಹುಡುಗಿ ಇರ್ತಾಳೆ ಹೇಳು, ನಮ್ಮನೆ ಹುಡುಗಿ ಬಂಗಾರ. ಸೋಮವಾರ ಆಯಿತು, ಆಮೇಲೆ ಗುರುವಾರ, ರಾಯರಿಗಂತೆ, ಆಮೇಲೆ ಶನಿವಾರ, ಆಂಜನೇಯನಿಗಂತೆ, ಏಕಾದಶಿ, ಸಂಕಷ್ಟಿ, ಅಮಾವಾಸ್ಯೆ, ಪರೀಕ್ಷೆ ಬಂದರೆ ಅದಕ್ಕೊಂದು ಹರಕೆ, ಫಲಿತಾಂಶ ಬಂದರೆ ಅದಕ್ಕೊಂದು, ದೇವರುಗಳು ಸರದಿಯ ಮೇಲೆ ಬಂದು ಮಗಳ ತಟ್ಟೆ ಎತ್ತಿಕೊಂಡು ಹೋದರು, ಪಾಪ ದೇವರುಗಳನ್ನೇಕೆ ಬಯ್ಯುವುದು, ಅವರು ಕೇಳಿದ್ದರೇ. ಆ ಮೊದಲ ಶ್ರಾವಣದಲ್ಲಿ ಹುಡುಗಿ ದುಂಡು ದುಂಡಾಗಿದ್ದಳು, ಬಳೆ ಮಾರುವ ಹುಚ್ಚಕ್ಕ ಕೈಗೆ ಸೋಪಿನ ನೊರೆ ಹಚ್ಚಿ, ಬೆರಳ ಗೆಣ್ಣು ಒತ್ತಿ ಒತ್ತಿ ಒಂದು ಡಜನ್ ಕೆಂಪು ಬಳೆ ತೊಡಿಸುವಷ್ಟರಲ್ಲಿ ಬೆವತುಹೋಗಿದ್ದಳು, ಯವ್ವ, ಕೈ ಐತೇನೋ ಕಡುಬು ಐತೇನೋ ಇದು, ಅಂತ ಬೀದಿಗೆಲ್ಲ ಕೇಳುವ ಹಾಗೆ ನಕ್ಕಿದ್ದಳು, ಸಹನಾ ನಕ್ಕಿರಲಿಲ್ಲ. ಅದೇ ವಾರವೋ ಏನೋ ಕಾಲೇಜಿನ ಗ್ರೂಪ್ ಫೋಟೋದ ಕೆಳಗೆ ಯಾರೋ ಡ್ರಮ್ಮು ಅಂತ ಬರೆದಿದ್ದರಂತೆ, ಫೋನು ತೋರಿಸಿ ಅತ್ತಿದ್ದಳು, ತಾನು ಏನಂದಿದ್ದಳು, ಹೋಗ್ಲಿ ಬಿಡೇ, ಅವರ ಬಾಯಿಗೆ ಮಣ್ಣು ಹಾಕ, ಅಂದು ಹುಳಿಗೆ ಒಗ್ಗರಣೆ ಹಾಕಲು ಹೋಗಿದ್ದಳು. ಆಮೇಲೆ ಸಣ್ಣಗಾಗುತ್ತ ಬಂದಾಗ ಎಲ್ಲರೂ ಹೊಗಳಿದ್ದೇ ಹೊಗಳಿದ್ದು, ಮದುವೆ ಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಎಷ್ಟ್ ಚೆಂದ ಆಗ್ಯಾಳಲ್ಲೇ ನಿನ್ ಮಗಳು, ತಾನು ತಲೆಯ ಮೇಲೆ ಹೊತ್ತು ಮೆರೆಯುತ್ತಿದ್ದಳು, ವಾರದಾಗೆ ನಾಕು ದಿನ ಒಪ್ಪತ್ತು ಕಣ್ರಿ, ಬಾಳ ಭಕ್ತಿ. ಭಕ್ತಿಯಂತೆ ಭಕ್ತಿ. ಒಂದೆರಡು ಸಲ ಉಣ್ಣೇ ಕೂಸೇ ಅಂತ ಬಾಯಿಗೆ ಬಂದದ್ದುಂಟು, ಅಷ್ಟರಲ್ಲಿ ಅತ್ತೆ, ಒಪ್ಪತ್ತು ಇರೋರ್ನ ಉಣ್ಣು ಅಂತ ಕರೀಬಾರ್ದು ಯಶೋಧಾ, ಕರ್ದೋರಿಗೆ ಪಾಪ ಸುತ್ಕಳ್ತೈತೆ. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ಕೇಳಿದ ಮಾತು, ಬಾಯಿ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು.

ಫೋನು ಬಡಿದುಕೊಂಡಿತು, ಗಂಡ ಶ್ರೀನಿವಾಸ್, ಹಿರಿಯೂರಿನಲ್ಲಿ ಲೈನ್‌ಮನ್, ಕಂಬ ಹತ್ತಿದ್ದನಂತೆ, ಈಗ ಇಳಿದು ಮೆಸೇಜು ನೋಡಿದನಂತೆ, ಏನಾತು, ಬರೇ ಸುಸ್ತಾ, ನಾನು ಸೀದಾ ದುರ್ಗಕ್ಕೇ ಬರ್ತೀನಿ. ಹೂಂ, ಸುಸ್ತು, ಬರ್ರಿ, ಅಂದಳು, ಇನ್ನೇನು ಹೇಳುವುದು, ನಿಮ್ಮ ಮಗಳ ಮೈ ತನ್ನನ್ನು ತಾನೇ ತಿನ್ನುತ್ತಿದೆ ಅಂತ ಬೈಕ್ ಹತ್ತಿದವನಿಗೆ ಹೇಳಲಾದೀತೇ. ಅವನಿಗೆ ಇನ್ನೊಂದು ವಿಷಯವನ್ನೂ ಹೇಳಿಲ್ಲ, ಡಾಕ್ಟರಿಗೂ ತಲೆ ತಗ್ಗಿಸಿಕೊಂಡೇ ಹೇಳಿದಳು, ಮುಟ್ಟು ನಿಂತು ಬಾಳ ದಿನ ಆತು ಮೇಡಂ. ಮೊದಮೊದಲು ಖುಷಿಯೇ ಆಗಿತ್ತು, ಹಬ್ಬಕ್ಕೆ ಅಡ್ಡಿ ಬರಲಿಲ್ಲ, ಹಾಲುರಾಮೇಶ್ವರದ ಗುಡಿಗೆ ಹೊರಟಾಗ ಅಡ್ಡಿ ಬರಲಿಲ್ಲ, ದೇವರೇ ಅವಳ ವ್ರತ ಕಾಯ್ತಾನೆ ನೋಡು ಅಂದಿದ್ದರು ಅತ್ತೆ. ಆಮೇಲೆ ಒಂದು ದಿನ ಬಟ್ಟೆ ಒಣಹಾಕುವಾಗ ತಿಂಗಳು ಎಣಿಸಿದಳು, ಕಾಲೇಜು ಹುಡುಗಿ, ದಿನಾ ಬಸ್ಸು, ಯಾರಾದರೂ, ಏನಾದರೂ, ಅಯ್ಯೋ ಶಿವನೇ. ಆ ಹೆದರಿಕೆ ಎಂಥ ಹೆದರಿಕೆ, ಎದುರು ಮನೆಯವರು ಏನಂದಾರು, ಅತ್ತೆ ಬಾವಿಗೆ ಬಿದ್ದಾರು, ಗಂಡ ಯಾರನ್ನು ಕಡಿದಾನು, ಎರಡು ದಿನ ಅನ್ನ ಇಳಿಯಲಿಲ್ಲ, ಕೊನೆಗೆ ಗುರುತಿನವರಿಲ್ಲದ ಮೆಡಿಕಲ್ ಶಾಪು ಬೇಕು ಅಂತ ಹೊಳಲ್ಕೆರೆವರೆಗೆ ಬಸ್ಸಿನಲ್ಲಿ ಹೋಗಿ ಸೆರಗು ಹೊದ್ದುಕೊಂಡು ಆ ಪರೀಕ್ಷೆ ಕಡ್ಡಿ ತಂದಿದ್ದಳು. ಸಹನಾ ಅವಳ ಮುಖವನ್ನೇ ನೋಡಿದಳು, ಬಚ್ಚಲಿಗೆ ಹೋಗಿ ಬಂದು ಕಡ್ಡಿಯನ್ನು ಕೈಗೆ ಕೊಟ್ಟಳು, ಒಂದೇ ಗೆರೆ. ಒಂದೇ ಗೆರೆ! ಆವತ್ತು ಬಿಟ್ಟ ನಿಟ್ಟುಸಿರು ಊರಾಚೆಗೂ ಕೇಳಿಸಿರಬೇಕು, ಮಗಳನ್ನು ತಬ್ಬಿಕೊಂಡು ಅತ್ತಳು, ಮಾರನೆಯ ದಿನ ತೆಂಗಿನಕಾಯಿ ಒಡೆಸಿದಳು, ಅದಲ್ಲ ಅಂದ ಮೇಲೆ ಇನ್ನೇನಿದೆ ಹೆದರುವುದಕ್ಕೆ, ರಕ್ತ ಕಮ್ಮಿ ಇರಬೇಕು, ಬೀಟ್‌ರೂಟು ತಿನ್ನು ಅಂದಳು. ತಬ್ಬಿಕೊಂಡಾಗ ಹೆಗಲ ಮೂಳೆ ಗದ್ದಕ್ಕೆ ಚುಚ್ಚಿತ್ತಲ್ಲ, ಆಗಾದರೂ ಎಚ್ಚರವಾಗಬಾರದಿತ್ತೇ, ಚುಚ್ಚಿದ್ದನ್ನು ಸಂತೋಷದಲ್ಲಿ ಒರೆಸಿಕೊಂಡುಬಿಟ್ಟಳು. ಬಸಿರಿಗೆ ಹೆದರಿದಷ್ಟು ಮಗಳ ಜೀವಕ್ಕೆ ಹೆದರಲಿಲ್ಲವಲ್ಲ ತಾನು, ಥೂ.

ಹೊಳಲ್ಕೆರೆ ಬಂತಕ್ಕಾ, ಒಂದು ಟೀ ಕುಡ್ದು ಹೋಗಾಣೇನು. ಬ್ಯಾಡಪ್ಪ, ನಿಲ್ಲಿಸ್ಬ್ಯಾಡ. ನಾಡಿ, ನಾಡಿ ಎಲ್ಲಿ, ಬ್ರೇಕ್ ಹಾಕಿದಾಗ ಬೆರಳು ಜಾರಿತು, ಸಿಕ್ಕಿತು, ಇದೆ. ಮೆಡಿಕಲ್ ಶಾಪು ಹಿಂದಕ್ಕೆ ಹೋಯಿತು, ಅದೇ ಶಾಪು. ಪಕ್ಕದ ಬ್ಯಾಗಿನಲ್ಲಿ ಸ್ಟೀಲ್ ಡಬ್ಬಿ ಗಡಗಡ ಅನ್ನುತ್ತಿದೆ, ಹೊರಡುವಾಗ ಅತ್ತೆ ಅಳುತ್ತಲೇ ತುಂಬಿ ಕೊಟ್ಟ ತಂಬಿಟ್ಟು, ತುಪ್ಪ ಸುರಿದು ಕಟ್ಟಿದ್ದು, ಸಂಜೀಗೆ ಒಪ್ಪತ್ತು ಬಿಡಾಕೆ ಬೇಕಲ್ಲವ್ವ ಕೂಸಿಗೆ, ಅಂತ. ಒಪ್ಪತ್ತು ಬಿಡುವುದು. ಬಿಡುವುದು ಅಂದರೆ ಉಣ್ಣುವುದು, ಒಪ್ಪತ್ತು ಅಂದರೆ ಉಪವಾಸ ಅಲ್ಲ, ಒಂದು ಹೊತ್ತು, ಒಂದು ಹೊತ್ತಿನ ಊಟ ಇದೆ ಅದರಲ್ಲಿ, ಅತ್ತೆ ಐವತ್ತು ವರ್ಷದಿಂದ ಸೋಮವಾರ ಒಪ್ಪತ್ತು ಇದ್ದೂ ಗಟ್ಟಿಯಾಗಿಯೇ ಇದ್ದಾರೆ, ಹಾಗಿದ್ದರೆ ಇವಳ ಆ ಒಂದು ಹೊತ್ತು ಎಲ್ಲಿಗೆ ಹೋಯಿತು. ತಾನೇ ಬಡಿಸುತ್ತಿದ್ದಳಲ್ಲ, ಸಂಜೆ ದೀಪ ಹಚ್ಚಿದ ಮೇಲೆ, ಎರಡು ಮುದ್ದೆ, ಸೊಪ್ಪಿನ ಸಾರು, ಅನ್ನ, ಮೊಸರು, ಸಹನಾ ತಟ್ಟೆ ಹಿಡಿದು ಹಿತ್ತಿಲ ಮೆಟ್ಟಿಲಿಗೆ ಹೋಗುತ್ತಿದ್ದಳು, ಮೌನದ ಊಟ ಅಮ್ಮ, ಯಾರೂ ಮಾತಾಡಿಸ್ಬಾರ್ದು, ಯಾರೂ ಬರಬಾರ್ದು. ಅದೂ ಒಂದು ವ್ರತ ಅಂತ ಅತ್ತೆಗೆ ಇನ್ನಷ್ಟು ಹಿಗ್ಗು. ಸ್ವಲ್ಪ ಹೊತ್ತಿಗೆ ತಟ್ಟೆ ಒಳಗೆ ಬರುತ್ತಿತ್ತು, ಬೂದಿ ಹಾಕಿ ತಿಕ್ಕಿ ತೊಳೆದ ತಟ್ಟೆ, ಹನಿ ನೀರೂ ಇಲ್ಲದ ಹಾಗೆ ಒರೆಸಿದ ತಟ್ಟೆ, ಎಷ್ಟು ಅಚ್ಚುಕಟ್ಟು ನನ್ನ ಮಗಳು, ಅಂದುಕೊಂಡಿದ್ದಳು. ಇವತ್ತು ಬೆಳಿಗ್ಗೆ ಅವಳನ್ನು ಶಾಲಿನಲ್ಲಿ ಸುತ್ತಿ ಜಯಕುಮಾರ್‌ನನ್ನು ಕೂಗಿ, ಒಣಹಾಕಿದ್ದ ಸ್ವೆಟರು ತರಲೆಂದು ಹಿತ್ತಿಲ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಆ ಕಂದು ನಾಯಿ, ಬೀದಿ ನಾಯಿ, ಹೋದ ವರ್ಷ ಪಕ್ಕೆ ಎಣಿಸುವ ಹಾಗಿತ್ತು, ಈಗ ನೋಡಿದರೆ ಕತ್ತು ದಪ್ಪ, ಬೆನ್ನ ಮೇಲೆ ಮಿರುಗು, ಬಾಗಿಲು ಸದ್ದಾದದ್ದೇ ಬಾಲ ಅಲ್ಲಾಡಿಸಿಕೊಂಡು ಎದ್ದು ನಿಂತು ಅವಳ ಕೈ ನೋಡಿತು. ಬರೀ ಕೈ ನೋಡಿತು. ಹಚಾ ಅಂದಳು. ಬಿಡವ್ವ, ಅದು ಸಹನಾನ ನಾಯಿ, ದಿನಾ ಸಂಜೆ ಬಂದ್ ಕುಂತ್ಕತೈತೆ, ಅಂದಿದ್ದರು ಅತ್ತೆ ಕಣ್ಣೊರೆಸಿಕೊಳ್ಳುತ್ತ, ಪುಣ್ಯಾತ್ಗಿತ್ತಿ, ನಾಯಿಗೂ ಹಾಕ್ತಾಳೆ. ಆಗ ಅರ್ಥವಾಗಲಿಲ್ಲ, ಈಗ ಹೊಳಲ್ಕೆರೆ ದಾಟಿದ ಮೇಲೆ, ಡಬ್ಬಿಯ ಗಡಗಡದಲ್ಲಿ, ಒಂದೊಂದೇ ಸಂಜೆ ಕಣ್ಣ ಮುಂದೆ ಬಂದು ಕೂರುತ್ತಿದೆ, ಮುದ್ದೆ ಮುರಿಯುವ ಕೈ, ಕೆಳಗೆ ಬಾಯಿ ತೆರೆದ ನಾಯಿ. ಆ ಒಂದು ಹೊತ್ತೂ ಅವಳದಾಗಿರಲಿಲ್ಲ. ಸಹನಾ, ಅಂದಳು ಮೆಲ್ಲಗೆ, ಒಪ್ಪತ್ತಿಗೆ ಒಂದು ಹೊತ್ತು ಉಣ್ಣಬೇಕು ಅಲ್ಲೇನೇ, ನೀನು ಯಾವಾಗ ಉಂಡೆ. ಹುಡುಗಿಯ ರೆಪ್ಪೆ ಅದುರಿತು, ಮುಚ್ಚಿದ ಕಣ್ಣಿನ ಮೂಲೆಯಿಂದ ನೀರು ಇಳಿದು ಯಶೋಧಾಳ ಸೀರೆಯ ಮೇಲೆ ಬಿತ್ತು, ನಂಗೆ ಹೆದ್ರಿಕೆ ಆಗುತ್ತಮ್ಮ, ತಿಂದ್ರೆ ನಿಲ್ಸಕ್ಕಾಗಲ್ಲ ಅನ್ಸುತ್ತೆ, ಬೈಬೇಡ. ಬೈಯಲಿಲ್ಲ. ಶಾಲಿನ ತುದಿಯಿಂದ ಆ ನೀರು ಒರೆಸಿದಳು.

ಏನ್ರಪ್ಪ ಇದು ಈಗ, ಅಂತ ಜಯಕುಮಾರ್ ಬ್ರೇಕ್ ಒತ್ತಿದ. ರಸ್ತೆಯ ತುಂಬ ಕುರಿ, ಈ ಅಂಚಿನಿಂದ ಆ ಅಂಚಿನವರೆಗೆ, ಬೂದು ಬೆನ್ನು, ಕರಿ ಬೆನ್ನು, ಮ್ಯಾ ಮ್ಯಾ, ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಮುದುಕ ಕೋಲು ಎತ್ತಿ ನಿಂತಿದ್ದಾನೆ, ಆತುರವೇ ಇಲ್ಲ ಅವನಿಗೆ, ಕುರಿ ದಾಟಾಕೆ ಬಿಡ್ರಪ್ಪ. ಹಾರನ್ ಹೊಡಿಬ್ಯಾಡ ಜಯಣ್ಣ, ಹೊಡಿಬ್ಯಾಡ, ಅಂದದ್ದು ಯಾಕೆಂದರೆ ಬೆರಳ ಕೆಳಗೆ ಏನೂ ಇಲ್ಲ. ಇಲ್ಲ. ಬೆರಳು ಒತ್ತಿದಳು, ಬಿಟ್ಟಳು, ಬೇರೆ ಕಡೆ ಒತ್ತಿದಳು, ಮೂಳೆ ಸಿಗುತ್ತದೆ, ನಾಡಿ ಇಲ್ಲ, ಕುತ್ತಿಗೆಗೆ ಹಿಡಿದಳು, ಅಂಗನವಾಡಿ ಟ್ರೈನಿಂಗಿನಲ್ಲಿ ಹೇಳಿಕೊಟ್ಟಿದ್ದರು, ಗಂಟಲ ಪಕ್ಕದಲ್ಲಿ ನೋಡಿ ಅಂತ, ಎಷ್ಟು ಟ್ರೈನಿಂಗು, ಎಷ್ಟು ಚಾರ್ಟು, ಊರ ಮಕ್ಕಳನ್ನೆಲ್ಲ ತಿಂಗಳು ತಿಂಗಳು ತಕ್ಕಡಿಗೆ ಹಾಕಿ ತೂಗಿದವಳು, ಭುಜಕ್ಕೂ ಮೊಣಕೈಗೂ ಸರಿಯಾಗಿ ನಡುವೆ ತೋಳಿನ ಸುತ್ತಳತೆ ನೋಡುವ ಆ ಮೂರು ಬಣ್ಣದ ಪಟ್ಟಿ ಸುತ್ತಿ, ಹಸಿರು ಬಂದರೆ ಚೆನ್ನಾಗಿದೆ, ಹಳದಿ ಬಂದರೆ ಜೋಪಾನ, ಕೆಂಪು ಬಂದರೆ ಇವತ್ತೇ ದುರ್ಗಕ್ಕೆ ಹೊರಡು ಅಂತ ತಾಯಂದಿರನ್ನು ಗದರಿಸಿದವಳು. ಕರಿಯಣ್ಣನ ಕೂಸಿಗೆ ಕೆಂಪು ಬಂದಾಗ, ನಮ್ ಮನಿ ಮಕ್ಳೆಲ್ಲ ಹಿಂಗೇ ಸಣ್ಣ ಟೀಚರಕ್ಕ ಅಂತ ಕರಿಯಣ್ಣನ ಹೆಂಡತಿ ಅಂದದ್ದಕ್ಕೆ, ಕಣ್ಣು ಕಾಣಲ್ವೇನೇ ನಿಂಗೆ, ಹೆತ್ತೋಳು ಅಲ್ವಾ ನೀನು, ಅಂದಿದ್ದಳಲ್ಲ ಬೀದಿಯಲ್ಲಿ ನಿಂತು. ಕಣ್ಣು ಕಾಣಲ್ವೇನೇ ನಿಂಗೆ. ಪಟ್ಟಿ ಐದು ವರ್ಷದೊಳಗಿನವರಿಗೆ, ಅದಕ್ಕಿಂತ ಮೇಲಿನವರು ತಾವೇ ಉಣ್ಣುತ್ತಾರೆ ಅಂತ ಲೆಕ್ಕ, ದೊಡ್ಡವರ ತೋಳು ಯಾರೂ ನೋಡುವುದಿಲ್ಲ, ಆ ಪಟ್ಟಿ ಈಗಲೂ ಇದೇ ಬ್ಯಾಗಿನ ಪಕ್ಕದ ಜೇಬಿನಲ್ಲಿದೆ, ಬೆಳಿಗ್ಗೆಯಿಂದ ಅದರ ಮೇಲೆ ಕೈ ಹೋಗಿ ಹೋಗಿ ವಾಪಸ್ಸು ಬರುತ್ತಿದೆ. ಸಹನಾ. ಸಹನಾ. ಲೇ ಕೂಸೇ, ನನ್ನವ್ವ, ಕಣ್ಣು ಬಿಡೇ. ಕೂಗಿದ್ದು ತನ್ನ ದನಿಯೇ ಅಂತ ಗೊತ್ತಾಗಲಿಲ್ಲ. ಜಯಕುಮಾರ್ ಹಿಂದೆ ತಿರುಗಿ ನೋಡಿದ, ಈ ಸಲ ನಗಲಿಲ್ಲ, ಬಾಗಿಲು ತೆಗೆದು ಇಳಿದೇಬಿಟ್ಟ, ಯಪ್ಪಾ, ಜೀವ ಹೋಗ್ತಾ ಐತೆ, ದಾರಿ ಬಿಡಪ್ಪ, ಮುದುಕ ಕಾರಿನೊಳಗೆ ಒಮ್ಮೆ ಇಣುಕಿದ, ಕೋಲು ಕೆಳಗೆ ಹಾಕಿ ಎರಡೂ ಕೈಯಲ್ಲಿ ಕುರಿಗಳನ್ನು ಹಿಡಿದು ಹಿಡಿದು ಪಕ್ಕಕ್ಕೆ ತಳ್ಳತೊಡಗಿದ, ಹೋಗ್ರಿ ತಾಯಿ, ಹೋಗ್ರಿ. ಜಯಕುಮಾರ್ ಓಡಿಬಂದು ಕೂತ, ಕಾರು ನೆಗೆಯಿತು. ಆ ನೆಗೆತಕ್ಕೋ ಏನೋ ಕುತ್ತಿಗೆಯಲ್ಲಿ ಒಮ್ಮೆ, ಒಂದೇ ಒಂದು ಸಲ, ಚರ್ಮದಡಿಯಲ್ಲಿ ಹುಳು ಹೊರಳಿದ ಹಾಗೆ ಏನೋ ಹೊರಳಿತು, ಇದೆ, ಇದೆ, ಹೃದಯ ಕೂಡ ಮಾಂಸಾನೇ ಅಲ್ವಾ, ಸ್ವಲ್ಪ ಉಳಿಸಿಕೊಂಡಿರು ತಾಯಿ, ಎಲ್ಲ ತಿಂದುಬಿಡಬೇಡ. ಅಲ್ಲಿಂದ ದುರ್ಗದವರೆಗೆ ಜಯಕುಮಾರ್ ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆಯಲಿಲ್ಲ.

ಕೋಟೆ ಬೆಟ್ಟ ಕಂಡಿತು, ಸರ್ಕಲ್ಲು, ಆಟೋಗಳು, ಆಸ್ಪತ್ರೆಯ ಗೇಟು, ಸ್ಟ್ರೆಚರು, ಮೇಲೆ ಓಡುತ್ತಿರುವ ಟ್ಯೂಬ್‌ಲೈಟುಗಳು, ಯಾರೋ ಡಾಕ್ಟರು, ಯಾರೋ ಸಿಸ್ಟರು, ಅಮ್ಮಾ ನೀವು ಸ್ವಲ್ಪ ಪಕ್ಕಕ್ಕೆ ನಿಂತ್ಕಳ್ರಿ, ನಿಂತಳು, ಎಲ್ಲಿ ನಿಲ್ಲಬೇಕೋ ತಿಳಿಯದೆ ಗೋಡೆಗೆ ಒರಗಿ ನಿಂತಳು, ಕೈಯಲ್ಲಿ ತಂಬಿಟ್ಟಿನ ಡಬ್ಬಿ, ಅದನ್ನು ಯಾಕೆ ಹಿಡಿದುಕೊಂಡು ಬಂದಳೋ. ಸ್ವೆಟರು ಕತ್ತರಿಸಿ ತೆಗೆದರು. ಎದೆಯ ಮೇಲೆ ವೈರುಗಳು, ಪೆಟ್ಟಿಗೆಯೊಂದು ಟಿಕ್ ಅನ್ನುತ್ತದೆ, ಅಂದು ಸುಮ್ಮನಾಗುತ್ತದೆ, ಅಷ್ಟು ಹೊತ್ತು ಸುಮ್ಮನಿರಬಾರದು ಅದು, ಟಿಕ್, ಹಾಂ. ಸಕ್ಕರೆ ಬಾಳ ಇಳ್ದೈತೆ ಸರ್, ಅಂದಳು ದೀಪಾ ಅಂತ ಎದೆಯ ಮೇಲೆ ಹೆಸರು ಬರೆದುಕೊಂಡಿದ್ದ ಸಿಸ್ಟರು, ಬಾಟಲಿ ನೇತುಹಾಕಿದಳು, ಸೂಜಿಗೆ ನರ ಸಿಗಲಿಲ್ಲ, ಇನ್ನೊಂದು ಕಡೆ ಚುಚ್ಚಿದಳು, ಸಹನಾಳ ಕಣ್ಣು ಅರ್ಧ ತೆರೆಯಿತು, ತಾಯಿಯನ್ನು ಹುಡುಕಲಿಲ್ಲ ಆ ಕಣ್ಣು, ಬಾಟಲಿಯನ್ನು ನೋಡಿತು, ತುಟಿ ಅಲ್ಲಾಡಿತು, ಸಿಸ್ಟರ್, ಅದ್ರಲ್ಲಿ ಸಕ್ಕರೆ ಐತಾ. ಸಾಯುತ್ತ ಮಲಗಿದ ಮಗು ಸಾವಿಗೆ ಹೆದರುತ್ತಿಲ್ಲ, ಬಾಟಲಿಯ ಸಕ್ಕರೆಗೆ ಹೆದರುತ್ತಿದೆ. ಅಮ್ಮ, ಇವತ್ತು ಒಪ್ಪತ್ತು, ಬೇಡ ಅನ್ನಮ್ಮ. ಯಾರು ಪಕ್ಕಕ್ಕೆ ನಿಲ್ಲು ಅಂದರೂ ಕೇಳಲಿಲ್ಲ, ಮಂಚದ ತಲೆಯ ಹತ್ತಿರ ಹೋಗಿ ಆ ತಣ್ಣನೆಯ ಹಣೆಗೆ ಹಣೆ ಹಚ್ಚಿದಳು, ನಾನು ಬಿಡಿಸ್ತೀನಿ ಕಣೇ ನಿನ್ನ ಒಪ್ಪತ್ತು, ಈಗ, ಇಲ್ಲೇ, ಪಾಪ ಬಂದ್ರೆ ನನಗೆ ಸುತ್ಕಳ್ಳಿ, ಉಣ್ಣು ಅಂತ ಕರೀತಾ ಇದೀನಿ ಕೇಳಿಸ್ಕ, ಉಣ್ಣೇ ನನ್ನವ್ವ. ಹನಿ ಬೀಳತೊಡಗಿತು, ಒಂದು ಹನಿ, ಬಾಳ ನಿಧಾನಕ್ಕೆ ಬಿಡಿ, ಅಂದರು ಡಾಕ್ಟರು, ಬಾಳ ನಿಧಾನ, ಬಿ.ಪಿ. ನೋಡಿ. ಸಿಸ್ಟರು ಬಿ.ಪಿ. ಪಟ್ಟಿ ತಂದು ಸಹನಾಳ ತೋಳಿಗೆ ಸುತ್ತಿದಳು, ಅದು ಸುತ್ತಿ ಸುತ್ತಿ ಸಡಿಲಾಗಿ ಬಿಚ್ಚಿಕೊಂಡಿತು, ಸರ್, ಇದು ನಿಲ್ಲಲ್ಲ, ಮಕ್ಕಳ ವಾರ್ಡಿಂದ ಸಣ್ಣ ಪಟ್ಟಿ ತರ್ಸಾಣ, ಮಕ್ಕಳದು, ಟಿಕ್, ಅದು ಬರೋತನಕ ಕೈ ಸ್ವಲ್ಪ ಎತ್ತಿ ಹಿಡ್ಕಳ್ರಮ್ಮ, ಯಶೋಧಾ ಮಗಳ ಕೈಯನ್ನು ಮೇಲಕ್ಕೆತ್ತಿ ಹಿಡಿದಳು, ಮಣಿಕಟ್ಟಿನಿಂದ ಬಳೆ ಜಾರಿತು, ಹುಚ್ಚಕ್ಕ ಸೋಪು ಹಚ್ಚಿ ಒತ್ತಿ ಒತ್ತಿ ತೊಡಿಸಿದ್ದರಲ್ಲಿ ಉಳಿದ ಒಂದೇ ಬಳೆ, ಮುಂಗೈ ಉದ್ದಕ್ಕೂ ಇಳಿಯಿತು, ಮೊಣಕೈಯಲ್ಲಿ ನಿಲ್ಲಬೇಕಿತ್ತು, ನಿಲ್ಲಲಿಲ್ಲ, ಮೊಣಕೈಯನ್ನೂ ದಾಟಿತು, ದಾಟಿ ತೋಳಿಗೆ ಹೋಯಿತು, ಭುಜಕ್ಕೂ ಮೊಣಕೈಗೂ ಸರಿಯಾಗಿ ನಡುವೆ, ಊರ ಮಕ್ಕಳಿಗೆಲ್ಲ ತಾನು ಪಟ್ಟಿ ಸುತ್ತುವ ಆ ಜಾಗದಲ್ಲಿ, ಅಲ್ಲಿ ನಿಂತಿತು, ಟಿಕ್, ತೋಳಿನ ಸುತ್ತ ಕೆಂಪು, ಕೆಂಪು ಗೆರೆ, ಕೆಂಪು —